ಆರು ಹೆಸರುಕಾಳು, ಐದು ಕಡಲೆ

ವಿಮಲಕ್ಕ, ಆ ಭಾನುವಾರ ಡಬ್ಬಿಯಲ್ಲಿ ಹೆಸರುಕಾಳೇ ಹೆಚ್ಚಿದ್ದವು. ಆರು ಹೆಸರುಕಾಳು, ಐದು ಕಡಲೆ. ಗೆದ್ದವರು ನೀವು. ನಾನು ಅಡುಗೆಮನೆಯಿಂದ ಹೊರಗೆ ಬಂದು ತಿರುವಿ ಹೇಳಿದೆ — ಕಡಲೆ ಆರು, ಹೆಸರು ಐದು ಎಂದು. ಎಣಿಕೆ ತಪ್ಪಿದ್ದಲ್ಲ. ನನಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಹನ್ನೊಂದು ಕಾಳು ಎಣಿಸಲು ಬರುತ್ತದೆ. ಬೇಕೆಂದೇ ಹೇಳಿದ ಸುಳ್ಳು ಅದು.

ನಿಮಗೆ ಕಿವಿ ಕೇಳಿಸುತ್ತಿದ್ದಾಗ ಇದನ್ನು ಬಾಯಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಈಗ ಹತ್ತಿರ ಬಂದು ಕೂಗಿದರೂ ನನ್ನ ತುಟಿ ಅಲ್ಲಾಡುವುದಷ್ಟೇ ನಿಮಗೆ ಕಾಣುತ್ತದೆ. ಅದಕ್ಕೇ ನಾವಿಬ್ಬರೂ ಮಾತಿಗೆ ಇಟ್ಟುಕೊಂಡ ಈ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಚಹಾ ಆತು, ಗುಳಿಗಿ ತಗೋರಿ, ಹಾಲಿನವ ಬಂದಿಲ್ಲ — ಇಷ್ಟನ್ನೇ ಬರೆದೂ ಬರೆದೂ ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳ ಕೈ ಇಷ್ಟಾದರೂ ತಿರುಗಿತು. ತಪ್ಪಿದ್ದಲ್ಲಿ ನೀವು ಕೆಂಪು ಪೆನ್ನಿನಿಂದ ತಿದ್ದುತ್ತೀರಿ. ಇದನ್ನೂ ತಿದ್ದಿ, ಆದರೆ ಮೊದಲು ಪೂರ್ತಿ ಓದಿ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಡುನಡುವೆ ಬಿಟ್ಟರೆ ನಾನು ಜಾರಿಕೊಳ್ಳುತ್ತೇನೆ — ನನ್ನನ್ನು ನಾನು ಬಲ್ಲೆ.

ಅಜ್ನಿಯ ದೇಸಾಯಿಯವರ ಮನೆಯಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿದೆ. ರೈಲ್ವೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಒಳ್ಳೆಯವರು. ಭಾನುವಾರ ಬೆಳಿಗ್ಗೆ ಈ ಮರಾಠಿ ಊರಿನ ನೀವು ಹನ್ನೊಂದು ಜನ ಕನ್ನಡದವರು ಅಲ್ಲಿ ಕೂಡಿ ವಿಲಾಯತಿಯ ಪಿಟೀಲು, ಪಿಯಾನೋ ರೆಕಾರ್ಡು ಕೇಳುತ್ತಿದ್ದಿರಿ. ರೆಕಾರ್ಡು ತಿರುಗುವಾಗ ಯಾರೂ ಉಸಿರೆತ್ತುವಂತಿಲ್ಲ. ನನ್ನ ಕುಕ್ಕರೂ ಸೀಟಿ ಹೊಡೆಯುವಂತಿಲ್ಲ. ಒಂಬತ್ತು ವರ್ಷ ಭಾನುವಾರದ ಬೇಳೆಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸಿದೆ, ಸೌಟು ತಾಗಿಸದೆ. ಅಷ್ಟು ಹೊತ್ತು ಒಲೆಯ ಮುಂದೆ ಸುಮ್ಮನೆ ನಿಂತವಳ ಕಿವಿಯೊಳಗೂ ಅದು ಹೋಗುತ್ತದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಮ್ಮೊಳಗೆ ವಾದ ಎದ್ದಾಗ ಮೊದಮೊದಲು ಚೀಟಿ ಬರೆಯುತ್ತಿದ್ದಿರಿ. ಅಕ್ಷರದ ಗುರುತು ಹತ್ತಿ, ನನ್ನ ವಿರುದ್ಧ ಬರೆದವನು ನೀನೇ ಎಂದು ಇಬ್ಬರು ಆರು ತಿಂಗಳು ಮಾತು ಬಿಟ್ಟರು. ಆಮೇಲೆ ದೇಸಾಯಿಯವರು ಕಾಳಿನ ಪದ್ಧತಿ ತಂದರು. ಎಲ್ಲರ ಕೈಗೂ ಒಂದು ಕಡಲೆ, ಒಂದು ಹೆಸರುಕಾಳು. ನಾನು ಡಬ್ಬಿ ಹಿಡಿದು ಸುತ್ತಬೇಕು, ನೀವು ಒಬ್ಬೊಬ್ಬರೂ ಮುಷ್ಟಿಯಿಂದ ಒಂದನ್ನು ಒಳಗೆ ಬಿಡಬೇಕು. ಅಡುಗೆಮನೆಗೆ ಒಯ್ದು ಎಣಿಸಿ ಬಂದು ಹೇಳುವವಳು ನಾನು. ಯಾಕೆಂದರೆ ನಿಮ್ಮ ಲೆಕ್ಕದಲ್ಲಿ ಈ ಕಾಶವ್ವನಿಗೆ ಪಕ್ಷವಿಲ್ಲ. ಆಕೆಗೆ ಸಂಗೀತ ತಿಳಿಯುವುದಿಲ್ಲ.

ಆ ವರ್ಷ ಜರ್ಮನಿಯ ಆರ್ಕೆಸ್ಟ್ರಾ ಬರುತ್ತದೆ ಎಂದಾಗ ನಾನು ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವವರೆಂದೇ ತಿಳಿದಿದ್ದೆ. ಎರಡು ದಿನ, ಎರಡು ಕಚೇರಿ. ಟಿಕೆಟು ಎಂದೋ ಮುಗಿದಿದ್ದವು. ನಿಮ್ಮ ಕೂಟಕ್ಕೆ ಹನ್ನೆರಡು ಪಾಸು ಕೊಡುತ್ತೇವೆ, ಎಲ್ಲವೂ ಒಂದೇ ದಿನಕ್ಕೆ, ಯಾವ ದಿನವೆಂದು ನೀವೇ ತಿಳಿಸಿ ಎಂದು ಕಚೇರಿ ನಡೆಸುವವರು ಕಾಗದ ಬರೆದರು. ಮೂರು ಭಾನುವಾರ ರೆಕಾರ್ಡೇ ಹಾಕಲಿಲ್ಲ, ಬರೀ ಜಗಳ. ತೋಪು-ಗುಂಡು ತಯಾರಿಸುವ ಕಾರ್ಖಾನೆಯಲ್ಲಿದ್ದು ನಿವೃತ್ತರಾದ ಕುಲಕರ್ಣಿಯವರಿಗೆ ಮೊದಲ ದಿನವೇ ಬೇಕು.

‘ನಗಾರಿ, ತುತ್ತೂರಿ, ಎಂಬತ್ತು ಮಂದಿ ಬರೋಬರ್ ಕೂತಿರ್ತಾರ. ಎರಡನೇ ದಿನ ಏನೈತ್ರಿ? ಇಪ್ಪತ್ತು ಪಿಟೀಲು ನರಳೂದು. ಅದಕ್ಕ ದವಾಖಾನಿಗೆ ಹೋದ್ರ ಸಾಕು.’

ನೀವು ಕನ್ನಡಕ ಒರೆಸುತ್ತಲೇ ಹೇಳಿದಿರಿ: ‘ಮೂವತ್ತು ವರ್ಷ ತೋಪಿನ ಮಗ್ಗಲ ಕೂತವರು ನೀವು. ಸಿಡಿದದ್ದಷ್ಟ ನಿಮಗ ಸಂಗೀತ.’

ಎಲ್ಲರೂ ನಕ್ಕರು. ಒಲೆಯ ಮುಂದೆ ನಾನೂ ನಕ್ಕೆ.

ನಿಮಗೆ ಎರಡನೇ ದಿನವೇ ಯಾಕೆ ಬೇಕೆಂದು ಅಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ. ಕಾಳು ಹಾಕುವ ಭಾನುವಾರದ ಹಿಂದಿನ ಬುಧವಾರ ಧಂತೋಲಿಯ ಕಿವಿ ಡಾಕ್ಟರ ಹತ್ತಿರ ನನ್ನನ್ನು ಜೊತೆಗೆ ಕರೆದೊಯ್ದಿರಿ, ಅಲ್ಲಿ ಹೆಸರು ಕರೆದರೆ ನಿಮಗೆ ಕೇಳಿಸುತ್ತಿರಲಿಲ್ಲವೆಂದು. ಸಣ್ಣ ದನಿ ಆಗಲೇ ಹೋಗಿದೆ, ಜೋರು ದನಿ ಕಿವಿಯಲ್ಲಿ ಒಡೆದು ನೋಯುತ್ತದೆ, ತಗ್ಗಿನ ದಪ್ಪ ದನಿ ಮಾತ್ರ ಇನ್ನು ಕೆಲವು ತಿಂಗಳು ಉಳಿದೀತು ಎಂದರು ಡಾಕ್ಟರು. ನೆಲಕ್ಕೆ ಊರಿ, ಮೊಣಕಾಲ ನಡುವೆ ಹಿಡಿದು ಬಾರಿಸುವ, ದಪ್ಪ ದನಿಯ ಆ ದೊಡ್ಡ ಪಿಟೀಲು ಎರಡನೇ ದಿನ ಮುಂದೆ ಕೂರುವುದಿತ್ತು. ನೀವು ಅದನ್ನು ರೆಕಾರ್ಡಿನಲ್ಲಿ ಬಿಟ್ಟರೆ ಎದುರಿಗೆ ಒಮ್ಮೆಯೂ ಕೇಳಿದವರಲ್ಲ. ಆಟೋದಲ್ಲಿ ನನ್ನ ಕೈ ಹಿಡಿದು ಹೇಳಿದಿರಿ: ‘ಯಾರ ಮುಂದೂ ಅನಬ್ಯಾಡ ಕಾಶವ್ವ. ಕುಲಕರ್ಣಿಗೆ ತಿಳಿದ್ರ ದಯಾ ತೋರಿಸ್ತಾನ. ಅದು ನನಗ ಬ್ಯಾಡ.’

ನಾನು ಅನ್ನಲಿಲ್ಲ. ಆ ಮಾತೊಂದನ್ನು ಉಳಿಸಿಕೊಂಡೆ — ಉಳಿಸಿಕೊಂಡದ್ದು ಯಾವ ಕೆಲಸಕ್ಕೆ ಬಂತು ನೋಡಿ.

ಕಾಳು ಹಾಕುವ ಭಾನುವಾರ ದೇಸಾಯಿಯವರು, ಪಾಸು ಹನ್ನೆರಡಿವೆ, ನಾವು ಹನ್ನೊಂದು ಜನ, ಇನ್ನೊಂದು ಕಾಶವ್ವನಿಗಿರಲಿ, ಇಷ್ಟು ವರ್ಷ ಒಳಗೆ ನಿಂತು ಕೇಳಿದ್ದಾಳೆ ಎಂದರು. ಬಾಗಿಲ ಹಿಂದೆ ಡಬ್ಬಿ ಒರೆಸುತ್ತಿದ್ದ ನಾನು ಬಟ್ಟೆ ಕೆಳಗಿಟ್ಟು ಕಿವಿಗೊಟ್ಟೆ. ಆಗ ನೀವು ಅಂದಿರಿ —

‘ಆಕಿಗ್ಯಾಕ? ಆಕಿಗೆ ಅದರಾಗ ಏನ್ ತಿಳೀತೈತಿ. ನನ್ನ ತಂಗಿ ಮಗಳಿಗೆ ಕೊಡ್ರಿ.’

ಸಿಟ್ಟಿನಿಂದ ಅಂದದ್ದಲ್ಲ. ಉಪ್ಪಿನ ಡಬ್ಬಿ ಆ ಕಡೆ ಇಡು ಅಂದ ಹಾಗೆ ಅಂದಿರಿ. ನಾಲ್ಕು ದಿನದ ಹಿಂದೆ ಡಾಕ್ಟರು ಅಂದದ್ದನ್ನೆಲ್ಲ ನಿಮ್ಮ ಕಿವಿಗೆ ಬಾಯಿಟ್ಟು ತಿಳಿಸಿದವಳು ನಾನು — ಇರಲಿ. ಅದನ್ನು ನನ್ನ ಪರವಾಗಿ ಬರೆಯಲು ಕೂತಿಲ್ಲ.

ಮೊದಲ ದಿನಕ್ಕೆ ಕಡಲೆ, ಎರಡನೇ ದಿನಕ್ಕೆ ಹೆಸರುಕಾಳು ಎಂದಾಯಿತು. ಡಬ್ಬಿ ಹಿಡಿದು ಸುತ್ತಿದೆ. ಒಳಗೆ ಒಯ್ದು ಹಿಟ್ಟು ನಾದುವ ಪರಾತದಲ್ಲಿ ಸುರಿದೆ. ಎರಡು ಸಲ ಎಣಿಸಿದೆ. ಹೊರಗೆ ಬಂದು ನಿಮ್ಮ ಮುಖ ನೋಡಿಯೇ ಹೇಳಿದೆ, ಕಡಲೆ ಆರು. ಕುಲಕರ್ಣಿಯವರು ತೊಡೆ ತಟ್ಟಿದರು. ನೀವು ಇನ್ನೊಮ್ಮೆ ಹೇಳು ಎಂದಿರಿ. ಎಲ್ಲರೂ ಸೋತ ಸಿಟ್ಟು ಅಂದುಕೊಂಡರು. ನಿಮಗೆ ನಿಜಕ್ಕೂ ಕೇಳಿಸಿರಲಿಲ್ಲ, ಅದು ನನಗೆ ಗೊತ್ತಿತ್ತು. ಇನ್ನೊಮ್ಮೆ ಹೇಳಿದೆ, ಜೋರಾಗಿ. ಯಾರೂ ಕಾಳು ತೋರಿಸು ಎನ್ನಲಿಲ್ಲ. ಹನ್ನೊಂದನ್ನೂ ನೆನೆಹಾಕಿದ್ದ ಕಾಳಿನ ಪಾತ್ರೆಗೆ ಹಾಕಿದೆ. ಮರುದಿನ ಉಸಳಿಯಾಯಿತು.

ಪಾಸಿನ ಕಾಗದ ಹೋದದ್ದು ಗುರುವಾರ. ನಾಲ್ಕು ದಿನ ಇತ್ತು ನನಗೆ. ಎಣಿಸುವಾಗ ತಪ್ಪಿದೆ ಸಾಹೇಬ್ರ ಎಂದಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದರು. ಸೋಮವಾರ ಅನ್ನೋಣವೆಂದುಕೊಂಡೆ, ಮಂಗಳವಾರ... ಇಲ್ಲ, ಅದೂ ಸುಳ್ಳು. ಅನ್ನಬಾರದೆಂದೇ ಇದ್ದೆ. ನಿಮಗೊಮ್ಮೆ ತಿಳಿಯಲಿ ಎಂದಿತ್ತು. ಏನು ತಿಳಿಯಲಿ? ಯಾರು ಮಾಡಿದರೆಂದೇ ಗೊತ್ತಾಗದಂತೆ ಮಾಡಿದವಳು ಏನು ತಿಳಿಸಿದ ಹಾಗಾಯಿತು?

ನಿಮ್ಮ ತಂಗಿಯ ಮಗಳಿಗೆ ಮೊದಲ ದಿನಕ್ಕೆ ಊರಾಚೆಯ ಮಿಹಾನಿನ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಆ ಪಾಸು ತಿರುಗಿ ನನಗೇ ಬಂತು. ನಿಮ್ಮ ಮಗ್ಗುಲ ಕುರ್ಚಿ. ನಗಾರಿ ಶುರುವಾದ ಕೂಡಲೇ ನೀವು ಕಿವಿಯ ಮಶೀನು ಕಿತ್ತು ಪರ್ಸಿಗೆ ಹಾಕಿದಿರಿ, ಎರಡೂ ಅಂಗೈ ಕಿವಿಗೆ ಒತ್ತಿಕೊಂಡಿರಿ. ಆಮೇಲೆ, ಜನ ನೋಡುತ್ತಾರೆಂದೋ ಏನೋ, ಕೈ ತೊಡೆಯ ಮೇಲಿಟ್ಟು ಎರಡು ತಾಸು ನೆಟ್ಟಗೆ ಕೂತಿರಿ, ಕಮಾನುಗಳು ಏರಿ ಇಳಿಯುವುದನ್ನು ನೋಡುತ್ತ. ಜನ ಚಪ್ಪಾಳೆ ತಟ್ಟಿದಾಗ ಅವರನ್ನು ನೋಡಿ ನೀವೂ ತಟ್ಟಿದಿರಿ.

ನನಗೆ ಕಚೇರಿ ಚಲೋ ಅನಿಸಿತು. ಇದನ್ನೂ ಬರೆಯಬೇಕು. ನಿಮ್ಮ ಮಗ್ಗುಲಲ್ಲಿ ಕೂತು, ಎಲ್ಲ ಗೊತ್ತಿದ್ದೂ, ನನಗೆ ಮೈ ಝುಮ್ಮೆಂದಿತು. ಮುಗಿಯಬಾರದು ಎನ್ನಿಸಿತು.

ಮರುದಿನ ಸಂಜೆ ನಾನು ಸಾರಿನ ಡಬ್ಬಿ ಕೊಡಲು ನಿಮ್ಮ ಮನೆಗೆ ಬಂದಾಗ ನೀವು ಗಡಿಯಾರದ ಎದುರು ಕೂತಿದ್ದಿರಿ. ‘ಈಗ ಶುರು ಆಗಿರ್ತೈತಿ’ ಅಂದಿರಿ. ಅಷ್ಟೇ. ಮಳೆಗಾಲ ಮುಗಿಯುವುದರೊಳಗೆ ಆ ದಪ್ಪ ದನಿಯೂ ಹೋಯಿತು.

ಇಷ್ಟಕ್ಕೇ ನಿಂತಿದ್ದರೆ ನನ್ನ ಪಾಪ ನನ್ನ ಜೊತೆಗೇ ಸುಡುತ್ತಿತ್ತೇನೋ. ನಿಲ್ಲಲಿಲ್ಲ. ನಿಮ್ಮ ಕಡೆಗೆ ಹೆಸರುಕಾಳು ಹಾಕುತ್ತೇವೆಂದು ಐದು ಜನ ಮೊದಲೇ ಮಾತು ಕೊಟ್ಟಿದ್ದರು. ನಿಮ್ಮದೂ ಸೇರಿ ಆರಾಗಬೇಕು. ನಾನು ಹೇಳಿದ್ದು ಐದು. ಅಂದರೆ ಒಬ್ಬರು ಮಾತಿಗೆ ತಪ್ಪಿದ್ದಾರೆ. ಯಾರೆಂದು ಲೆಕ್ಕ ಹಾಕಿ ಹಾಕಿ ನೀವು ದೇಸಾಯಿಯವರ ಮೇಲೆ ನಿಲ್ಲಿಸಿದಿರಿ — ಕುಲಕರ್ಣಿ ಅವರ ಹಳೆಯ ಗೆಳೆಯ ಎಂಬ ಒಂದೇ ಕಾರಣಕ್ಕೆ. ಅವರು ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಆ ಮನೆಯ ಹೊಸ್ತಿಲು ಬಿಟ್ಟಿರಿ, ಕೂಟವೂ ಮುರಿಯಿತು. ನಿಮಗೆ ಆಳು ಬೇಕಾದಾಗ ನನ್ನನ್ನು ಕರೆದು, ‘ಆ ಮಂದಿಯೊಳಗ ಸೀದಾ ಇದ್ದಾಕಿ ನೀನೊಬ್ಬಾಕಿ’ ಅಂದಿರಿ. ಆ ಮಾತಿನ ಮೇಲೆ ನಾಲ್ಕು ವರ್ಷದಿಂದ ನಿಮ್ಮ ಅನ್ನ ತಿನ್ನುತ್ತಿದ್ದೇನೆ. ಪ್ರತಿ ದೀಪಾವಳಿಗೆ ದೇಸಾಯಿಯವರು ಫರಾಳದ ತಿಂಡಿ ಡಬ್ಬಿ ಕಳಿಸುತ್ತಾರೆ. ನೀವು ಮುಚ್ಚಳ ತೆಗೆಯದೆ ನನ್ನ ಕೈಯಲ್ಲೇ ತಿರುಗಿ ಕಳಿಸುತ್ತೀರಿ.

ಮೊನ್ನೆ ಅವರೇ ಬಂದಿದ್ದರು, ಕೋಲೂರಿಕೊಂಡು. ಈ ನೋಟ್‌ಬುಕ್ಕಿನ ಹಿಂದಿನ ಹಾಳೆ ನೋಡಿ, ನಿಮ್ಮ ಅಕ್ಷರ ಇದೆ: ಇಲ್ಲ ಅಂತ ಹೇಳಿ ಕಳಿಸು. ನಾನು ಬಾಗಿಲಿಗೆ ಅಡ್ಡ ನಿಂತೆ. ಅವರು ಒಳಗೆ ಇಣುಕಲಿಲ್ಲ. ಮೆಟ್ಟಿಲ ಮೇಲೇ ನಿಂತು ಕೇಳಿದರು:

‘ಕಾಶವ್ವ, ನಾ ಅವತ್ತು ಹೆಸರುಕಾಳ ಹಾಕಿದ್ದೆ. ಎಣಿಸಿದಾಕಿ ನೀನು. ನಿನಗೇನರ ನೆನಪೈತೇನವಾ?’

‘ಇಲ್ರಿ’ ಎಂದೆ.

ಅವರು ನನ್ನ ಮೇಲೆ ಸಂಶಯಪಟ್ಟು ಕೇಳಿದ್ದಲ್ಲ. ಸಂಶಯಪಟ್ಟಿದ್ದರೆ ಬೈದಾದರೂ ಕಳಿಸುತ್ತಿದ್ದೆ. ಗೇಟಿನ ಚಿಲಕ ಅವರಿಗೆ ಹಾಕಲಾಗಲಿಲ್ಲ. ನಾನು ಹೋಗಿ ಹಾಕಿ ಬಂದೆ. ಕೂತು ಸೊಪ್ಪು ಬಿಡಿಸಿದೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಆ ಶಬ್ದ ಬರೆಯಲು ಬರುತ್ತದೆ, ನೀವೇ ತಿದ್ದಿ ಕಲಿಸಿದ್ದೀರಿ. ಆದರೆ ಅದನ್ನು ಬರೆದರೆ ನೀವೇನೋ ಕೊಡಬೇಕಾಗುತ್ತದೆ, ನಾನು ಕೇಳಿದ ಹಾಗಾಗುತ್ತದೆ. ಕೇಳುವ ಮುಖ ನನಗಿಲ್ಲ. ನಿಮಗೆ ಉಳಿದಿದ್ದ ಒಂದೇ ಸಂಜೆಯನ್ನು ಗೊತ್ತಿದ್ದೇ ಕಿತ್ತುಕೊಂಡೆ, ನಿಮ್ಮ ಗೆಳೆಯನ ತಲೆಗೆ ಸುಳ್ಳಿನ ಹೆಸರು ಕಟ್ಟಿದೆ. ಇಷ್ಟೇ ಆದದ್ದು.

ನಾಳೆ ಬೆಳಿಗ್ಗೆ ಚಹಾ ಇಟ್ಟು ಈ ಹಾಳೆ ತೆರೆದು ನಿಮ್ಮ ಮುಂದಿಡುತ್ತೇನೆ. ಓದಿ ಮುಗಿಸುವವರೆಗೆ ಎದುರಿಗೇ ಇರುತ್ತೇನೆ, ಒಳಗೆ ಹೋಗುವುದಿಲ್ಲ. ನಡೆ ಎಂದರೆ ನಡೆಯುತ್ತೇನೆ. ಬಟ್ಟೆ ಕಟ್ಟಿ ಇಟ್ಟಾಗಿದೆ. ಇಲ್ಲಿಂದ ನೆಟ್ಟಗೆ ಅಜ್ನಿಗೆ ಹೋಗಿ ದೇಸಾಯಿಯವರಿಗೂ ಇದನ್ನೇ ಹೇಳುತ್ತೇನೆ. ಬಾಯಲ್ಲೇ ಹೇಳುತ್ತೇನೆ. ಅವರಿಗೆ ಇನ್ನೂ ಕಿವಿ ಕೇಳಿಸುತ್ತದೆ.