ಮಾಸ್ತಮ್ಮನ ಹೊಳೆ ಗಡಿಯಾರ

ಅಘನಾಶಿನಿಯಿಂದ ತದಡಿಗೆ ಹೊಳೆ ದಾಟಿಸುವ ದೋಣಿಯಲ್ಲಿ ಟಿಕೆಟ್ ಹರಿಯುವವನು ನಾನು, ರಾಜೀವ. ಊರಲ್ಲಿ ಯಾರ ಮೊಬೈಲ್ ಮುನಿಸಿಕೊಂಡರೂ ಮೊದಲು ಬರುವುದು ನನ್ನ ಹತ್ತಿರ. ಅರ್ಧ ರಿಪೇರಿ ನನ್ನ ಕೈಯಿಂದ ಆಗುತ್ತದೆ, ಇನ್ನರ್ಧ ತಾನಾಗಿಯೇ ಆಗುತ್ತದೆ. ಹೆಸರು ಮಾತ್ರ ಪೂರ್ತಿ ನನಗೇ ಬರುತ್ತದೆ. ಇಷ್ಟು ಸುಲಭಕ್ಕೆ ಗಳಿಸಿದ ಹೆಸರನ್ನು ಒಂದೇ ಸಂಜೆಯಲ್ಲಿ ಹೊಳೆಪಾಲು ಮಾಡಲು ಹೊರಟವಳು ಪಕ್ಕದ ಮನೆಯ ಮಾಸ್ತಮ್ಮ.

ಮಾಸ್ತಮ್ಮ ಬಳಚು ಹೆಕ್ಕುವವಳು. ಕಡಲಿನ ಇಳಿತಕ್ಕೆ ಹೊಳೆಯ ನೀರು ಇಳಿದ ಹೊತ್ತಿಗೆ ಸೊಂಟದವರೆಗೆ ಇಳಿದು, ಕೆಸರಿನಲ್ಲಿ ಹುದುಗಿರುವ ಆ ಚಿಪ್ಪುಮೀನುಗಳನ್ನು ಪಾದದಿಂದಲೇ ತಡವಿ ಗುರುತಿಸಿ ಬುಟ್ಟಿ ತುಂಬುತ್ತಾಳೆ. ಗಟ್ಟಿ ಆಳು, ಅದಕ್ಕಿಂತ ಗಟ್ಟಿ ಗಂಟಲು. ಈ ದಡದಲ್ಲಿ ನಿಂತು ಗಂಡನನ್ನು ಕರೆದರೆ ಆ ದಡದಲ್ಲಿರುವ ಗಂಡಸರೆಲ್ಲ ತಿರುಗಿ ನೋಡುತ್ತಾರೆ. ಗಂಡ ಮಂಜ ಮೀನಿನ ಬೋಟಿನಲ್ಲಿ ದುಡಿಯುತ್ತಾನೆ. ಮನೆಗೆ ಬಂದರೆ ಊಟ, ನಿದ್ದೆ, ಮತ್ತೆ ಬೋಟು. ಹೋದ ವರ್ಷ ಒಮ್ಮೆ ಬಂದಾಗ ಹೆಂಡತಿಗೆಂದು ದೊಡ್ಡದೊಂದು ಟಿವಿ ತಂದುಕೊಟ್ಟು ಹೋಗಿದ್ದ.

ಅವರ ಒಬ್ಬಳೇ ಮಗಳು ವೀಣಾ. ಹೊನ್ನಾವರದಲ್ಲಿ ಕಾಲೇಜು ಓದುತ್ತ, ಕಬಡ್ಡಿ ಆಡುತ್ತ, ಈಗ ದಾವಣಗೆರೆಯಲ್ಲಿ ನಡೆಯುವ ದೊಡ್ಡ ಪಂದ್ಯಾವಳಿಯ ಫೈನಲ್‌ವರೆಗೆ ಹೋಗಿದ್ದಳು. ತಾಯಿ ಮಾತ್ರ ಮಗಳ ಒಂದೇ ಒಂದು ಆಟವನ್ನೂ ಕಣ್ಣಾರೆ ಕಂಡಿರಲಿಲ್ಲ. ಆಟ ಹಗಲಿಗೇ ಇರುತ್ತದೆ, ಹೊಳೆಯ ಕೆಲಸವೂ ಹಗಲಿಗೇ. ಯಾರೋ ಮೊಬೈಲಿನಲ್ಲಿ ಹಿಡಿದ ತುಣುಕು ನೋಡಿದರೆ ಅದರಲ್ಲಿ ಮುಂದೆ ಕುಳಿತವರ ತಲೆಯೇ ಹೆಚ್ಚು.

ಆವತ್ತು ಬೆಳಿಗ್ಗೆ ವೀಣಾ ಫೋನ್ ಮಾಡಿ, "ಅವ್ವಿ, ಸಂಜೆ ಟಿವಿಲಿ ಬತ್ತದೆ, ನೋಡು. ನಾ ಎಡಗಡೆ ಮೂಲೇಲಿ ನಿಂತಿರ್ತೆ" ಎಂದಿದ್ದಳಂತೆ. ಪಂದ್ಯ ಬರುವುದು ಒಂದೇ ಒಂದು ಆಪ್‌ನಲ್ಲಿ. ಆ ಆಪ್ ಮೊನ್ನೆ ತಾನಾಗಿಯೇ ಅಪ್‌ಡೇಟ್ ಆಗಿ, ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಆಟ ಶುರುವಾಗುವ ಹೊತ್ತಾಗಿತ್ತು. ಪರದೆಯ ಮೇಲೆ ಚಕ್ರ ತಿರುಗುತ್ತದೆ, ಆಮೇಲೆ 'ಸಂಪರ್ಕ ಸಾಧ್ಯವಾಗುತ್ತಿಲ್ಲ' ಎಂದು ಬರುತ್ತದೆ, ಮತ್ತೆ ಚಕ್ರ.

"ಇದು ಎಂತ ದೊಡ್ಡದಲ್ಲ ಅಕ್ಕಾ" ಎಂದು ರಿಮೋಟ್ ತೆಗೆದುಕೊಂಡೆ.

ಟಿವಿ ಆರಿಸಿ ಹೊತ್ತಿಸಿದೆ. ಚಕ್ರ. ಆಪ್‌ನೊಳಗೆ ಸೇರಿಕೊಂಡಿದ್ದ ಹಳೆಯ ಕಸವೆಲ್ಲ ತೆಗೆದೆ. ಚಕ್ರ. ಮನೆಯ ವೈಫೈ ಬಿಡಿಸಿ ನನ್ನ ಮೊಬೈಲಿನ ನೆಟ್ ಕೊಟ್ಟೆ. ಅದೇ ಹಾಳು ಚಕ್ರ. ಕೊನೆಗೆ ಟಿವಿಯ ಹಿಂಬದಿಗೆ ಹೋಗಿ ಸುಮ್ಮನೆ ಒಂದು ವೈರ್ ಒತ್ತಿ ಬಂದೆ. ಏನೂ ತೋಚದಾಗ ನಾನು ಮಾಡುವುದು ಅದನ್ನೇ. ಮಾಸ್ತಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಆತಾ?"

"ಆತದೆ ಆತದೆ. ಬೇಕಾರೆ ಅಲ್ಲಿವರೆಗೆ ನನ್ನ ಮೊಬೈಲಲ್ಲಿ ನೋಡು."

"ಹೆಬ್ಬೆಟ್ಟಿನಷ್ಟು ಮಗಳ್ನ ನೋಡಿ ನೋಡಿ ಸಾಕಾತು ಮಾರಾಯಾ. ಇವತ್ತು ನಂಗೆ ಇಡೀ ಮಗಳು ಬೇಕು."

ಮಾನ ಬಿಟ್ಟು ಆಪ್‌ನವರ ಸಹಾಯದ ನಂಬರಿಗೆ ಫೋನ್ ಹಚ್ಚಿದೆ. ಹುಡುಗಿಯೊಬ್ಬಳು ಬಹಳ ಸಮಾಧಾನದಿಂದ, "ಸರ್, ಟಿವಿಯಲ್ಲಿ ದಿನಾಂಕ, ಸಮಯ ಸರಿ ಇದೆಯಾ ನೋಡಿ" ಎಂದಳು. ನೋಡುವುದೆಂತ, ಟಿವಿಯಲ್ಲಿ ಸಮಯ ತಪ್ಪುತ್ತದೆಯೇ ಎಂದು ನಗುತ್ತಲೇ ಪರದೆಯ ಮೂಲೆಗೆ ಕಣ್ಣು ಹಾಯಿಸಿದೆ.

ಹೊರಗೆ ಸಂಜೆಯ ಬಿಸಿಲು. ಟಿವಿಯಲ್ಲಿ ಬೆಳಗಿನ ಎಂಟೂವರೆ. ಅದೂ ಇವತ್ತಿನದಲ್ಲ, ಹೋದ ವಾರದ್ದು.

"ಅಕ್ಕಾ, ನಿನ್ನ ಟಿವಿ ಗಡಿಯಾರ ಪೂರಾ ಹಾಳಾಗ್ಯದೆ!"

"ಯಾರು ಹೇಳ್ದ್ರು? ಅದು ಸರಿ ಅದೆ. ಇನ್ನರ್ಧ ತಾಸಿಗೆ ಒಂಬತ್ತು ಆತದೆ. ಹೊಳೆ ಪೂರ್ತಿ ಇಳೀತದೆ."

ಆಗ ಹೊರಬಿತ್ತು ಕಥೆ. ಹೊಳೆ ಇಳಿಯುವ ಹೊತ್ತು ದಿನವೂ ಮುಕ್ಕಾಲು ತಾಸಿನ ಆಸುಪಾಸು ಮುಂದಕ್ಕೆ ಹೋಗುತ್ತದೆ. ಗಡಿಯಾರ ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತದೆ. ಹೊಳೆಯನ್ನು ತಿದ್ದಲಾಗುವುದಿಲ್ಲವಲ್ಲ, ಮಾಸ್ತಮ್ಮ ಗಡಿಯಾರವನ್ನೇ ತಿದ್ದಿದಳು. ರಜೆಗೆ ಬಂದ ಮಗಳಿಂದ ಟಿವಿಯ ಸಮಯ ಬದಲಾಯಿಸುವುದನ್ನು ಕಲಿತು, ದಿನವೂ ಅದನ್ನು ಅಷ್ಟೇ ಹಿಂದಕ್ಕೆ ತಳ್ಳುತ್ತ ಬಂದಿದ್ದಳು. ಹೀಗೆ ಆ ಮನೆಯಲ್ಲಿ ಯಾವತ್ತೂ ನೀರು ಇಳಿಯುವುದು ಒಂಬತ್ತಕ್ಕೇ. ಬಳಚಿಗೆ ಹೋಗುವ ಗಂಗಿ, ಸಣ್ಣಿ ಇಬ್ಬರೂ ಕಿಟಕಿಯಿಂದ ಇಣುಕಿ ಅದನ್ನು ನೋಡಿಕೊಂಡೇ ಬುಟ್ಟಿ ಎತ್ತುತ್ತಿದ್ದರು. ತಳ್ಳಿದ ತಾಸುಗಳೆಲ್ಲ ಕೂಡಿ ಕೂಡಿ ಟಿವಿ ದಿನಗಟ್ಟಲೆ ಹಿಂದೆ ಬಿದ್ದದ್ದು ಯಾರಿಗೂ ಬೇಕಾಗಿರಲಿಲ್ಲ.

ಹಳೆಯ ಆಪ್ ಇದನ್ನು ಹೇಗೋ ಸಹಿಸಿಕೊಂಡಿತ್ತು. ಹೊಸದು ತಯಾರಾದದ್ದು ಮೊನ್ನೆ. ಮಾಸ್ತಮ್ಮನ ಟಿವಿಯಲ್ಲಿ ಆ ಮೊನ್ನೆ ಇನ್ನೂ ಬಂದೇ ಇರಲಿಲ್ಲ. ಇನ್ನೂ ಹುಟ್ಟದ ಆಪ್ ಬಾಯಿ ಬಿಡುವುದಾದರೂ ಹೇಗೆ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಫೋನಿನಲ್ಲಿದ್ದ ಹುಡುಗಿಯೂ ಸಮಾಧಾನ ಬಿಟ್ಟು ನಕ್ಕಳು. ಮಾಸ್ತಮ್ಮ ನಗಲಿಲ್ಲ.

"ಸಮಯ ಸರಿ ಮಾಡಿದ್ರೆ ಆಟ ಬತ್ತದೆ ಅಕ್ಕಾ."

"ಮತ್ತೆ ನನ್ನ ಹೊಳೆ?"

ಅಷ್ಟರಲ್ಲಿ ಗಂಗಿ, ಸಣ್ಣಿ ಬುಟ್ಟಿ ಹಿಡಿದು ಬಾಗಿಲಿಗೆ ಬಂದರು. "ಹೊರಡುದಲ್ದಾ ಮಾಸ್ತಮ್ಮಾ? ನೀರು ಇಳೀತಾ ಬಂತು." ಮಾಸ್ತಮ್ಮ ಬಾಗಿಲು ನೋಡಿದಳು, ಟಿವಿ ನೋಡಿದಳು. ಬಿಸಿಲಿಗೂ ಮಳೆಗೂ ಇಳಿತ ತಪ್ಪಿಸದ ಹೆಂಗಸು. ಅವಳ ಗಡಿಯಾರದಲ್ಲಿ ಅದು ಮನೆಯಲ್ಲಿ ಕೂರುವ ಹೊತ್ತೇ ಅಲ್ಲ.

"ರಿಮೋಟ್ ಇಲ್ಲಿ ಕೊಡು" ಎಂದಳು. ನನ್ನ ಕೈಯಿಂದ ಕಸಿದುಕೊಂಡು, ದಿನವೂ ಮಾಡಿ ರೂಢಿಯಿದ್ದ ಬೆರಳಿನಿಂದ ತಾನೇ ಒತ್ತಿದಳು. ಹೋದ ವಾರ ಹೋಯಿತು, ಬೆಳಗಿನ ಒಂಬತ್ತು ಹೋಯಿತು. ಹೊರಗಿದ್ದ ಸಂಜೆಯೇ ಟಿವಿಯೊಳಗೂ ಬಂತು. "ಬುಟ್ಟಿ ಅಲ್ಲೇ ಇಡ್ರೇ. ಹೊಳೆ ನಾಳೆನೂ ಇಳೀತದೆ."

ಚಕ್ರ ಒಂದು ಸುತ್ತು ತಿರುಗಿ ಮಾಯವಾಯಿತು. ಮನೆ ತುಂಬ ಸಿಳ್ಳೆ, ಚಪ್ಪಾಳೆ. ಮೊದಲರ್ಧ ಮುಗಿದುಹೋಗಿತ್ತು. ಎಡಗಡೆಯ ಮೂಲೆಯಲ್ಲಿ ವೀಣಾ ನಿಂತಿದ್ದಳು, ತಲೆಯಿಂದ ಪಾದದವರೆಗೆ ಇಡೀ ವೀಣಾ. ಎದುರು ತಂಡದ ಉದ್ದ ಕಾಲಿನ ಹುಡುಗಿಯೊಬ್ಬಳು ಕಬಡ್ಡಿ ಕಬಡ್ಡಿ ಎನ್ನುತ್ತ ಬಂದಳು. ವೀಣಾ ಮೊಣಕಾಲು ಬಗ್ಗಿಸಿ, ಪಾದ ಅಗಲಿಸಿ, ಬೆರಳೂರಿ ಕಾದಳು.

"ನೋಡ್ರೇ" ಎಂದಳು ಮಾಸ್ತಮ್ಮ, ಮೆಲ್ಲಗೆ. ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಆವತ್ತೇ ಗೊತ್ತಾದದ್ದು. "ಕೆಸರಲ್ಲಿ ನಿಂತ ಹಂಗೇ ನಿಂತದೆ. ಸಣ್ಣದಿರುವಾಗ ನನ್ನ ಸಂಗಡ ಹೊಳೆಗೆ ಬತ್ತಿತ್ತಲ್ಲ, ಆಗ ನಾನೇ ಕಲ್ಸಿದ್ದು."

ವೀಣಾ ಆ ಉದ್ದ ಕಾಲನ್ನು ಹಿಡಿದೇಬಿಟ್ಟಳು. ಮಾಸ್ತಮ್ಮ ಕೂಗಿದ ಕೂಗಿಗೆ ಆ ದಡಕ್ಕೆ ಹೊರಟಿದ್ದ ದೋಣಿಯವರು ಯಾರಿಗೋ ಏನೋ ಆಯಿತೆಂದು ಗಾಬರಿಬಿದ್ದರಂತೆ.

ಪಂದ್ಯ ಸೋತರು, ಸ್ವಲ್ಪದರಲ್ಲಿ. ಕತ್ತಲಾಗುವ ಮೊದಲೇ ಫೋನ್ ಬಂತು. "ಸೋತ್ವಿ ಅವ್ವಿ" ಎಂದು ವೀಣಾ ಅಳುತ್ತಿದ್ದಳು.

"ನೀ ಎಲ್ಲಿ ಸೋತೆ? ಆ ಉದ್ದಕಾಲಿನವಳ್ನ ಹಿಡ್ದದ್ದು ನಾ ನೋಡ್ದೆ."

ಆ ಕಡೆ ಅಳು ನಿಂತಿತು. "ನೋಡ್ದ್ಯಾ ಅವ್ವಿ? ಇವತ್ತು ಹೊಳೆಗೆ ಹೋಗ್ಲಿಲ್ವಾ?"

ಮಾಸ್ತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಫೋನನ್ನು ಗಂಗಿಯ ಕೈಗೆ ಕೊಟ್ಟಳು.

ಮರುದಿನ ನಾನು ಕುಮಟಾದ ಪೇಟೆಯಿಂದ ಗೋಡೆ ಗಡಿಯಾರವೊಂದನ್ನು ತಂದು, ಟಿವಿಯ ಪಕ್ಕದಲ್ಲೇ ಮೊಳೆ ಹೊಡೆದು ಕೊಟ್ಟೆ. ಮಾಸ್ತಮ್ಮ ಹೊಳೆಯ ಕಡೆ ಒಮ್ಮೆ ಇಣುಕಿ ನೋಡಿ, ಮುಳ್ಳು ತಿರುಗಿಸಿ ತೂಗುಹಾಕಿದಳು. ಈಗ ಆ ಗೋಡೆಯಲ್ಲಿ ಎರಡು ಸಮಯ. ಮನೆಗೆ ಬಂದ ನೆಂಟರು ಗಂಟೆ ನೋಡಿ ಕಕ್ಕಾಬಿಕ್ಕಿಯಾದರೆ ಅವಳೇ ಮೊದಲು ಗಡಿಯಾರಕ್ಕೆ, ಆಮೇಲೆ ಟಿವಿಗೆ ಬೆರಳು ತೋರಿಸಿ ಹೇಳುತ್ತಾಳೆ:

"ಇದು ಹೊಳೇದು. ಅದು ವೀಣಂದು. ಎರಡಕ್ಕೂ ಯಾರೂ ಕೈ ಹಚ್ಚೂದು ಬೇಡ."