ಸೆಡವಿಗೆ ಒಂದು ಅಂಕಿ

ಆ ಮಧ್ಯಾಹ್ನ ಮೋಡ ಇತ್ತು ಎಂದು ಬರೆಯಲು ಹೊರಟೆ. ಇರಲಿಲ್ಲವೇನೋ. ಬರಹಕ್ಕೆ ಚೆಂದ ಎಂದು ನೆನಪೇ ಮೋಡ ತಂದು ಹಾಕಿದ್ದಿರಬಹುದು. ಖಚಿತವಾಗಿ ಇದ್ದದ್ದು ಇಷ್ಟು: ಮೊರಬದ ನಮ್ಮ ಮನೆಯ ಪಡಸಾಲೆ, ನನ್ನ ಲ್ಯಾಪ್‌ಟಾಪ್, ಕುತ್ತಿಗೆ ತಿರುಗಿಸದೆ ಕೂತ ಅಕ್ಕ.

ನಮ್ಮ ಟ್ರ್ಯಾಕ್ಟರ್ ಹೊಡೆಯುವವಳು ಅಕ್ಕನೇ. ಮುಂಗಾರಿನಲ್ಲಿ ಗಾಲಿ ತಗ್ಗಿಗೆ ಇಳಿದು ಅವಳ ಕುತ್ತಿಗೆ ಉಳುಕಿತು. ಹುಬ್ಬಳ್ಳಿಯ ಡಾಕ್ಟರು ಆಮೇಲೆ ಮತ್ತೊಮ್ಮೆ ನೋಡಿ, ವಾಸಿಯಾಗಿದೆ, ಇನ್ನು ಕುತ್ತಿಗೆ ಆಡಿಸಬೇಕು, ಟ್ರ್ಯಾಕ್ಟರ್ ಹತ್ತಲೂ ಅಡ್ಡಿಯಿಲ್ಲ ಎಂದರು. ಅವಳು ಆಡಿಸಲಿಲ್ಲ, ಹತ್ತಲಿಲ್ಲ. ಹಿಂಗಾರಿ ಕಡಲೆ ಬಿತ್ತುವ ಹೊತ್ತು ಹತ್ತಿರ ಬಂತು. ಬೇರೆ ಡ್ರೈವರನನ್ನು ಗೊತ್ತು ಮಾಡಿದ್ದೂ ಆಯಿತು. ಈ ಸಲ ಬಿಟ್ಟರೆ ಅವಳು ಮತ್ತೆಂದೂ ಹತ್ತುವುದಿಲ್ಲ ಎಂದು ನಮಗೆಲ್ಲ ಅನಿಸಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಹೇಳದಿರುವುದಕ್ಕೆ ಕಾರಣ ಒಂದು ಶಬ್ದ. "ಕುತ್ತಿಗಿ ಸೆಡವು ಮಾಡೈತಿ," ಎಂದಿದ್ದಳು ಅವ್ವ. ನಮ್ಮ ಮನೆಯಲ್ಲಿ ಸೆಡವು ಎಂದರೆ ಬಿಗಿತವೂ ಹೌದು, ಮುನಿಸೂ ಹೌದು. ಮುನಿದವರನ್ನು ನಮ್ಮಲ್ಲಿ ಮಾತಾಡಿಸುವುದಿಲ್ಲ. ಹಸಿವಾದರೆ ತಾವಾಗಿ ಒಳಗೆ ಬರುತ್ತಾರೆ. ಅಕ್ಕನ ಕುತ್ತಿಗೆಯನ್ನೂ ಹಾಗೆಯೇ ಬಿಟ್ಟೆವು. ಅವಳೆದುರು ಟ್ರ್ಯಾಕ್ಟರಿನ ಮಾತೇ ಎತ್ತದೆ ಒಂದು ಮಳೆಗಾಲ ಕಳೆಯಿತು.

ನನ್ನ ಕೆಲಸ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ. ಕಂಪ್ಯೂಟರಿನೊಳಗೆ ಮನುಷ್ಯನ ಮೈ ಕಟ್ಟುತ್ತೇವೆ, ಎಲುಬು, ಕೀಲು, ಸ್ನಾಯು ಎಲ್ಲ ಸೇರಿಸಿ. ಗಾಡಿಯ ಸೀಟು ಕುಲುಕಿದರೆ ಆ ಮೈಗೆ ಏನಾಗುತ್ತದೆ ಎಂದು ನೋಡುತ್ತೇವೆ. ಸ್ನಾಯು ಎಷ್ಟು ಬಿಗಿ ಎಂಬುದಕ್ಕೆ ಒಂದು ಅಂಕಿ ಕೊಡಬೇಕು. ಜೀವ ಇರುವ ಸ್ನಾಯು ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನಮ್ಮ ದುಡಿಮೆಯೆಲ್ಲ ಅದರ ಬೆನ್ನು ಹತ್ತುವುದರಲ್ಲೇ ಹೋಗುತ್ತದೆ.

ಆ ಮಧ್ಯಾಹ್ನ ಅಂಥದೊಂದು ಮೈ ಲ್ಯಾಪ್‌ಟಾಪಿನಲ್ಲಿತ್ತು, ಮುಖದ ಜಾಗ ಬರಿದು. ಅಕ್ಕ ಮೈಯೆಲ್ಲ ತಿರುಗಿಸಿ ಪರದೆ ನೋಡಿದಳು. "ಇದೇನೋ ತಮ್ಮಾ, ಇದಕ್ಕ ಮಾರೀನ ಇಲ್ಲ."

"ಮಾರಿ ತಗೊಂಡು ಏನ್ ಮಾಡ್ತಿ? ಕುತ್ತಿಗಿ ನೋಡು."

ತೀರ ಕಡಿಮೆ ಅಂಕಿ ಕೊಟ್ಟು ಆ ಮೈಯನ್ನು ಒಂದು ತಗ್ಗು ದಾಟಿಸಿದೆ. ತಲೆ ಜೋಲಿ ಹೊಡೆಯಿತು.

"ಕುಡದಾನ," ಎಂದಳು ಅವ್ವ, ಬಾಗಿಲಲ್ಲಿ ನಿಂತು.

ಅಂಕಿ ಏರಿಸಿದೆ. ಈಗ ಸೊಂಟದಿಂದ ನೆತ್ತಿಯವರೆಗೆ ಒಂದೇ ಕಟ್ಟಿಗೆ. ಸೀಟಿನ ಪೆಟ್ಟು ನಡುವೆ ಎಲ್ಲೂ ಕರಗದೆ ನೇರ ತಲೆಗೆ ಹೋಯಿತು.

ಅಕ್ಕ ನಕ್ಕಳು. "ಯಾರ್ ಏನಂದ್ರೋ ಇದಕ್ಕ? ಸೆಡವು ಮಾಡಿ ಕುಂತೈತಿ."

"ನಿನ್ನಂಗ," ಎಂದಳು ಅವ್ವ.

ಅಷ್ಟು ದಿನ ಕಾಯ್ದುಕೊಂಡ ಮೌನ ಹೀಗೆ ಮುರಿಯಿತು. ಮುಂದಿನ ಮಾತು ಯಾರದೆಂದು ಇವತ್ತಿಗೂ ಒಮ್ಮತವಿಲ್ಲ. ಅಕ್ಕನದು ಎನ್ನುತ್ತೇನೆ ನಾನು; ತನ್ನದೇ ಎನ್ನುತ್ತಾಳೆ ಅವ್ವ. "ಹಂಗಾರ ಅದನ್ನ ಸಮಾಧಾನ ಮಾಡೂಣು." ಯಾರೋ ಅಂದರು. ಅಂಕಿ ಇಳಿಸಿದೆ. ತಗ್ಗು ಬಂತು. ತಲೆ ತುಸು ಬಾಗಿ, ಎದ್ದು, ನಿಂತಿತು.

"ಇದು ನಿನ್ನ ಕುತ್ತಿಗಿ ಅಲ್ಲ ಮತ್ತ. ಲೆಕ್ಕದಾಗಿನ ಮನಿಷ್ಯಾಂದು," ಎಂದೆ.

"ಗೊತ್ತೈತಿ. ನನ್ನ ಕುತ್ತಿಗಿ ಮ್ಯಾಲೆ ಮಾರಿ ಐತಿ," ಎನ್ನುತ್ತ ಅಕ್ಕ ನನ್ನ ಕಡೆ ತಿರುಗಿದಳು. ಮೈ ಅಲ್ಲ, ಕುತ್ತಿಗೆ. ಪೂರ್ತಿ ಅಲ್ಲ, ಅರ್ಧ. ಇದೂ ನಾನು ಆಮೇಲೆ ಸೇರಿಸಿಕೊಂಡದ್ದಲ್ಲ ಎಂದು ಆಣೆ ಮಾಡಲಾರೆ.

ಮರುದಿನದಿಂದ ಡಾಕ್ಟರು ತೋರಿಸಿದಂತೆ ಕುತ್ತಿಗೆ ಆಡಿಸತೊಡಗಿದಳು. ಈಗ ಅವ್ವ ದಿನಾ ಕೇಳುತ್ತಿದ್ದಳು.

"ನೋಯತೈತೇನ?"

"ನೋಯತೈತಿ. ನಿನ್ನೀಕಿಂತ ಕಡಿಮಿ."

"ನಾಳಿ ಮತ್ತ ಕೇಳ್ತೀನಿ."

"ಕೇಳಬೇ, ಕೇಳು."

ಮುಂದಿನ ವಾರ ಒಂದು ಮುಂಜಾನೆ ಅವಳು ಟ್ರ್ಯಾಕ್ಟರ್ ಹತ್ತಿ ಹೊಲದ ದಾರಿ ಹಿಡಿದಳು. ನಾನು ಹಿಂದೆ ನಡೆದೆ. ಎರೆಮಣ್ಣು ಒಣಗಿ ದಾರಿಯೆಲ್ಲ ಗಾಲಿಯ ಗುರುತು. ಮೊದಲ ತಗ್ಗಿಗೆ ಭುಜ ಕಿವಿಯತ್ತ ಏರಿತು. ಎರಡನೆಯದಕ್ಕೂ ಏರಿತು. ಆಮೇಲೆ ಎಲ್ಲೋ ಅವಳ ತಲೆ ಸಣ್ಣಗೆ ತೂಗತೊಡಗಿತ್ತು. ಎಲ್ಲಿಂದ ಶುರುವಾಯಿತೆಂದು ನಾನು ಗಮನಿಸಲಿಲ್ಲ.

ಹೊಲದ ಬದುವಿಗೆ ಹೋಗಿ ನಿಲ್ಲಿಸಿದಳು. ಎಂಜಿನ್ ಬಂದ್ ಮಾಡದೆ ಡ್ರೈವರನಿಗೆ ಫೋನ್ ಹಚ್ಚಿ ಜೋರಾಗಿ ಮಾತಾಡಿದಳು: "ಕಾಕಾ, ನಾಳಿ ಬರಬ್ಯಾಡ್ರಿ. ಇಲ್ರಿ, ಬ್ಯಾರೆ ಯಾರಿಗೂ ಹೇಳಿಲ್ಲ. ಈ ಸಲ ನಾನ ಬಿತ್ತತೀನಿ." ಆ ಕಡೆಯಿಂದ ಅವರು ಏನೋ ಅಂದರು. "ಹೌದ್ರಿ, ಹಗೂರ್ಕ ಹೊಡೀತೀನಿ," ಎಂದು ಫೋನ್ ಇಟ್ಟು ಗೇರ್ ಹಾಕಿದಳು.