ಹೆಬ್ಬಾವಿಗೆ ದೋಷವಿಲ್ಲ

ಮಗಳಿಗೆ ಹತ್ತು ತುಂಬಿದ ವರ್ಷ ಮನೆಗೊಂದು ಸಾಕುಪ್ರಾಣಿ ಬರಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಅವಳೇ. ನಾಯಿ ಆಗದು, ಕತಾರಿನ ಅಲ್ ವುಕೈರ್‌ನ ನಮ್ಮ ಕಟ್ಟಡದ ವಾಚ್‌ಮನ್ ಒಪ್ಪುವುದಿಲ್ಲ. ಬೆಕ್ಕು ಆಗದು, ಕೂದಲು ಹಾರಿದರೆ ನನ್ನ ಹೆಂಡತಿಗೆ ಸೀನು ನಿಲ್ಲುವುದಿಲ್ಲ. ಮೀನು ಸಾಕೋಣವೆಂದರೆ, ನಾವು ಕರಾವಳಿಯವರು. ಮೀನು ತಂದು ಅದಕ್ಕೇ ಊಟ ಹಾಕುವುದು ನಮಗೆ ಅಭ್ಯಾಸವಿಲ್ಲ. ಉಳಿದದ್ದು ಹಾವು. ಅದು ಬೊಗಳುವುದಿಲ್ಲ, ಅದಕ್ಕೆ ಕೂದಲಿಲ್ಲ.

ಹಾವು ಎಂದ ಕೂಡಲೇ ಊರಿನಲ್ಲಿರುವ ನನ್ನ ಅಮ್ಮನನ್ನು ಕೇಳಬೇಕಾಯಿತು. ತುಳುನಾಡಿನವರಿಗೆ ಹಾವು ಬರೀ ಪ್ರಾಣಿಯಲ್ಲ. ನಮ್ಮ ಕುಟುಂಬಕ್ಕೊಂದು ನಾಗಬನವಿದೆ, ವರ್ಷಕ್ಕೊಮ್ಮೆ ಅಲ್ಲಿ ಹಾಲು, ಸೀಯಾಳ ಎರೆಯುತ್ತೇವೆ. ದಾರಿಯಲ್ಲಿ ಸತ್ತ ನಾಗರ ಕಂಡರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡಿಸುತ್ತೇವೆ. ನಾನು ದೋಹಾದ ಮುಶೈರಿಬ್‌ನಲ್ಲಿ ಒಂದು ಇಂಜಿನಿಯರಿಂಗ್ ಆಫೀಸಿನಲ್ಲಿ ಡ್ರಾಯಿಂಗುಗಳನ್ನು ಜೋಡಿಸಿಡುವ ಕೆಲಸದವನು. ಅಲ್ಲಿ ಯಾವ ನಕ್ಷೆಯನ್ನೂ ಮೂರು ಸಹಿಯಿಲ್ಲದೆ ಹೊರಗೆ ಕಳಿಸುವುದಿಲ್ಲ. ಹಾವಿನ ವಿಷಯದಲ್ಲಿ ಅಮ್ಮನ ಒಂದು ಸಹಿ ಸಾಕಿತ್ತು.

ಬಲ್ಲವರನ್ನೆಲ್ಲ ಕೇಳಿ, ಓದಿ, ಮೂರು ಹಾವುಗಳ ಪಟ್ಟಿ ಮಾಡಿ ಫೋಟೋ ಕಳಿಸಿದೆ. ಮೊದಲನೆಯದು ಕಾರ್ನ್ ಸ್ನೇಕ್. ಕಿತ್ತಳೆ ಬಣ್ಣ, ಸಾಧು ಸ್ವಭಾವ, ದೊಡ್ಡದಾದರೂ ನಾಲ್ಕೈದು ಅಡಿ. ಹೊಸಬರಿಗೆ ಇದೇ ಸರಿ ಎಂದು ಎಲ್ಲರೂ ಹೇಳಿದ್ದರು. ಅಮ್ಮ ಫೋಟೋ ನೋಡಿ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗೆ:

"ಇದು ಕೇರೆ ಅಲ್ವಾ ಮಗಾ? ಬಣ್ಣ ಬೇರೆ, ಅಷ್ಟೇ. ಕೇರೆಗೂ ನಾಗನಿಗೂ ಸಂಬಂಧ ಉಂಟು. ನಾಳೆ ಅದು ಸತ್ತರೆ ಅಲ್ಲಿ ಸಂಸ್ಕಾರ ಮಾಡುವವರು ಯಾರು? ಬೇಡ."

ಎರಡನೆಯದು ಬಾಲ್ ಪೈಥಾನ್. ಗಿಡ್ಡ, ದಪ್ಪ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆ ಒಳಗಿಡುತ್ತದೆ. ನನಗೆ ಅದರ ಸ್ವಭಾವ ತುಂಬ ಹಿಡಿಸಿತ್ತು. ಅಮ್ಮ ಫೋಟೋ ದೊಡ್ಡದು ಮಾಡಿ ನೋಡಿ, ಮೈಮೇಲಿನ ಮಚ್ಚೆಗಳಲ್ಲಿ ಹೆಡೆಯ ಗುರುತು ಉಂಟು ಎಂದರು. ಒಂದಲ್ಲ, ಹದಿನಾಲ್ಕು. ಎಣಿಸಿಯೇ ಹೇಳಿದರು.

ಮೂರನೆಯದನ್ನು ಪಟ್ಟಿ ತುಂಬಲಿ ಎಂದು ಸೇರಿಸಿದ್ದೆ. ಬರ್ಮಾದ ಹೆಬ್ಬಾವು, ಹೆಣ್ಣು. ಪರವಾನಗಿ ಕಾಗದವೆಲ್ಲ ಸರಿಯಿದ್ದ ಒಬ್ಬರು ಸಾಕಿದ ಹಾವಿನ ಮರಿ. ಮೊಳಕೈಯಿಂದ ಬೆರಳತುದಿಯವರೆಗಿನ ಉದ್ದ.

"ಹೆಬ್ಬಾವಿಗೆ ಎಂತ ದೋಷವೂ ಇಲ್ಲ," ಎಂದರು ಅಮ್ಮ. "ಹೆಡೆ ಇಲ್ಲ, ದೇವರೂ ಅಲ್ಲ. ಅದನ್ನು ಬೇಕಾದರೆ ಸಾಕಿ."

ಹೀಗೆ ಮೂರರಲ್ಲಿ ಎರಡು ಪಾಪದ, ಸಾಧು ಹಾವುಗಳು ದೈವಭಕ್ತಿಯಿಂದಾಗಿ ಬಿದ್ದುಹೋಗಿ, ಹದಿನೈದು ಅಡಿಯವರೆಗೆ ಬೆಳೆಯಬಲ್ಲ ಹಾವು ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂತು. ಎಷ್ಟು ಬೆಳೆಯುತ್ತದೆ ಎಂದು ಅಮ್ಮ ಕೇಳಲಿಲ್ಲ. ನಾನೂ ಹೇಳಲಿಲ್ಲ. ಶಾಸ್ತ್ರ ಸರಿಯಾಯಿತಲ್ಲ ಎಂಬ ಸಮಾಧಾನದಲ್ಲಿ ಅಳತೆಯ ಮಾತು ನನಗೂ ಮರೆತಿತ್ತು.

ಮಗಳು ಅದಕ್ಕೆ ಹೆಸರಿಡಲಿಲ್ಲ, "ಅವಳು" ಎನ್ನುತ್ತಿದ್ದಳು. ಅವಳಿಗೆ ಮೂವತ್ತು ಡಿಗ್ರಿಯ ಬಿಸಿ ಬೇಕಿತ್ತು. ಬಾಲ್ಕನಿಯಲ್ಲಿ ನಲವತ್ತೈದು, ಹಾಲ್‌ನಲ್ಲಿ ಏಸಿಯಿಂದ ಇಪ್ಪತ್ತಮೂರು. ಹೊರಗಿನ ಬಿಸಿಯನ್ನು ತಡೆಯಲು ಏಸಿ ಹಾಕಿ, ಆ ಏಸಿಯ ತಂಪನ್ನು ತಡೆಯಲು ಅವಳನ್ನಿಟ್ಟ ಪೆಟ್ಟಿಗೆಯೊಳಗೆ ಹೀಟರ್ ಹಾಕಿ ನಾವು ಸಂಸಾರ ನಡೆಸಿದೆವು. ಗಾಳಿ ಒಣಗಿದ ದಿನ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು, ಪೊರೆ ಬಿಡುವ ವಾರ ಟಬ್ಬಿನಲ್ಲಿ ನೆನೆಯಲು ಬಿಡಬೇಕು. ಊಟಕ್ಕೆ ಮೊದಲು ಇಲಿ, ಆಮೇಲೆ ಕೋಳಿ, ಆಮೇಲೆ ಮೊಲ, ಎಲ್ಲವೂ ಫ್ರೀಜರಿನದ್ದು. ಹೆಂಡತಿ ಅದಕ್ಕೆ ಬೇರೆಯೇ ಫ್ರೀಜರ್ ತರಿಸಿದಳು. ಸಂಕ್ರಮಣದ ದಿನ ಮನೆಯಲ್ಲಿ ಯಾರೂ ಮಾಂಸ ತಿನ್ನುವುದಿಲ್ಲ, ಹೆಬ್ಬಾವೂ ಮನೆಯವಳೇ ಎಂದು ಅವಳಿಗೂ ಆ ದಿನ ಉಪವಾಸ. ಹತ್ತು ದಿನಕ್ಕೊಮ್ಮೆ ತಿನ್ನುವ ಅವಳಿಗೆ ಇದರಿಂದ ಏನೂ ನಷ್ಟವಾಗಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಮಗಳ ಓದು ಊರಿನಲ್ಲೇ ಆಗಲಿ ಎಂದು ಹೆಂಡತಿ ಮಗಳನ್ನು ಕರೆದುಕೊಂಡು ಮಂಗಳೂರಿಗೆ ಹೋದಳು. ಗಲ್ಫಿನಲ್ಲಿ ಇದು ಎಲ್ಲ ಮನೆಯಲ್ಲೂ ಒಂದು ದಿನ ಆಗುವುದೇ. ಏರ್‌ಪೋರ್ಟಿನಲ್ಲಿ ಮಗಳು ನನ್ನ ಕೈ ಹಿಡಿದು ಒಂದೇ ಮಾತು ತೆಗೆದುಕೊಂಡಳು. "ನಾನು ಬರುವವರೆಗೆ ಅವಳನ್ನು ಯಾರಿಗೂ ಕೊಡಬಾರದು, ಪ್ರಾಮಿಸ್?" ಪ್ರಾಮಿಸ್ ಎಂದೆ. ಆಗ ಅವಳ ಉದ್ದ ಹತ್ತು ಅಡಿ. ಹಾವಿನದ್ದು.

ಹೆಂಡತಿ ದಿನವೂ ಮಾತಾಡುತ್ತಿದ್ದಳು, ಗ್ಯಾಸ್, ಟ್ಯೂಷನ್, ಅಮ್ಮನ ಮಾತ್ರೆ. ಮಗಳದ್ದು ಮಾತ್ರ ವಾರಕ್ಕೊಂದು ವಿಡಿಯೋ ಕಾಲ್, ಶುಕ್ರವಾರ ಸಂಜೆ ಐದಕ್ಕೆ. ಶಾಲೆ ಹೇಗುಂಟು ಎಂದರೆ "ಫೈನ್". ಊಟ ಆಯ್ತಾ ಎಂದರೆ "ಹ್ಞೂಂ". ಫೋನಿನ ಹಿಂದಿನ ಕ್ಯಾಮೆರಾವನ್ನು ಹೆಬ್ಬಾವಿನ ಕಡೆ ಹಿಡಿದೆನೋ, ಮುಕ್ಕಾಲು ಗಂಟೆ ಮಾತು. ಪೊರೆ ಬಿಟ್ಟಳಾ, ಬಿಡುವ ಮೊದಲು ಆಗುವ ಹಾಗೆ ಕಣ್ಣು ನೀಲಿ ಆಗಿದೆಯಾ, ತಿಂದದ್ದು ಹೊಟ್ಟೆಯಲ್ಲಿ ಎಲ್ಲಿಗೆ ಬಂತು. ನಡುನಡುವೆ ಟೀಚರು ಬೈದದ್ದು, ಗೆಳತಿ ಮಾತು ಬಿಟ್ಟದ್ದು ಬಾಯಿತಪ್ಪಿ ಬರುತ್ತಿತ್ತು. ನಾನು ಅದನ್ನೆಲ್ಲ ಹೆಕ್ಕಿಕೊಳ್ಳುತ್ತಿದ್ದೆ. ಹಾವು ಹೋದರೆ ನನ್ನ ಪಾಲಿಗೆ "ಫೈನ್" ಮತ್ತು "ಹ್ಞೂಂ" ಮಾತ್ರ ಉಳಿಯುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಹೆದರಿಕೆಯೂ ಇತ್ತು. ಆ ವರ್ಷ ರಜೆಯನ್ನೂ ತೆಗೆದುಕೊಳ್ಳಲಿಲ್ಲ. ಹಾವನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ.

ಎಂಟು ಅಡಿ ದಾಟಿದ ಹೆಬ್ಬಾವನ್ನು ಒಬ್ಬರೇ ಮುಟ್ಟಬಾರದು, ಇನ್ನೊಬ್ಬರು ಕೋಣೆಯಲ್ಲಿರಲೇಬೇಕು ಎಂಬುದು ಸಾಕುವವರ ನಿಯಮ. ಹೆಂಡತಿ ಹೋದಮೇಲೆ ಆ ಇನ್ನೊಬ್ಬರು ಎಂದರೆ ಎದುರು ಫ್ಲ್ಯಾಟಿನ ಮೈಸೂರಿನವರು. ಆಡಿಟ್ ಕೆಲಸ, ಬೆಳ್ಳುಳ್ಳಿಯನ್ನೂ ತಿನ್ನದವರು. ಪ್ರತಿ ಶುಕ್ರವಾರ ನಾಲ್ಕೂವರೆಗೆ ಬಂದು ಊಟದ ಮೇಜಿನ ಆಚೆ ಕುರ್ಚಿ ಹಾಕಿಕೊಂಡು, ಸ್ಯಾನಿಟೈಸರ್ ಬಾಟಲಿ ಹಿಡಿದು ಕೂರುತ್ತಿದ್ದರು. ಹಾವು ಕಚ್ಚಿ ಹಿಡಿದರೆ ಬಾಯಿಯ ಹತ್ತಿರ ಅದನ್ನು ಹಾಕಬೇಕು, ಘಾಟಿಗೆ ಬಿಡುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ. ಮನೆಯ ಇನ್ನೊಂದು ಕೀಲಿಯೂ ಅವರ ಹತ್ತಿರವೇ ಇತ್ತು.

"ಸಾರ್, ನಂಗೆ ಇದೆಲ್ಲಾ ಆಗ್ಬರಲ್ಲ," ಎಂದು ಮೊದಲ ದಿನವೇ ಹೇಳಿದ್ದರು. "ಆದ್ರೆ ನೀವು ಸತ್ತೋದ್ರೆ ಪೊಲೀಸ್ನೋರು ಬಂದು ಕೇಳೋದು ಎದುರುಮನೆಯೋರನ್ನೇ."

ಒಂದು ಶುಕ್ರವಾರ ಅವರು ತಡವಾದರು. ವಕ್ರಾ ರಸ್ತೆಯಲ್ಲಿ ಟ್ರಾಫಿಕ್ ಎಂದು ಮೆಸೇಜ್ ಬಂತು. ಐದಕ್ಕೆ ಹತ್ತು ನಿಮಿಷವಿತ್ತು. ಮಗಳಿಗೆ ಹಾವು ಹಾಲ್‌ನ ನೆಲದ ಮೇಲೆ ಉದ್ದಕ್ಕೆ ಮಲಗಿದ್ದು ಕಂಡರೆ ಖುಷಿ, ಪೆಟ್ಟಿಗೆಯೊಳಗಿದ್ದರೆ ಮಾತು ಬೇಗ ಮುಗಿಯುತ್ತದೆ. ನಾನು ಪೆಟ್ಟಿಗೆ ತೆರೆದೆ. ಮಧ್ಯಾಹ್ನ ಸುಕ್ಕದ ಅಡುಗೆಗೆಂದು ಕೋಳಿ ಕತ್ತರಿಸಿದ್ದೆ, ಕೈಯನ್ನು ಬರೀ ನೀರಿನಲ್ಲಿ ತೊಳೆದಿದ್ದೆ. ಅವಳಿಗೆ ಕೋಳಿಯ ವಾಸನೆ ಬಂತು, ಕೋಳಿಯನ್ನು ಹಿಡಿದಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಎಡಗೈಯ ಮಣಿಕಟ್ಟಿನ ಮೇಲೆ ಬಾಯಿ, ಮೊಳಕೈಯಿಂದ ಹೆಗಲಿನವರೆಗೆ ಎರಡು ಸುತ್ತು, ಉಳಿದದ್ದು ಎದೆಯ ಕಡೆ ಬರುತ್ತಿತ್ತು. ಅಷ್ಟೊಂದು ನೋವಿರಲಿಲ್ಲ, ಕೈ ಎಂಬುದೇ ಇರಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಐದು ಗಂಟೆ. ನಿಂತಿತು, ಮತ್ತೆ ಹೊಡೆಯಿತು. ಮೂರನೆಯ ಸಲ ಹೊಡೆಯುವಾಗ ಬಾಗಿಲು ತೆಗೆದ ಸದ್ದಾಯಿತು.

ಮೈಸೂರಿನವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನೋಡಿದರು. ಕುರ್ಚಿಯ ಪಕ್ಕದಲ್ಲಿದ್ದ ಬಾಟಲಿಯನ್ನು ತೆಗೆದುಕೊಂಡು ಹಾವಿನ ಬಾಯಿಯ ಅಂಚಿಗೆ ಸುರಿದರು. ಅದು ಬಿಟ್ಟಿತು. ನಾನು ಬಾಲದಿಂದ ಬಿಡಿಸಿ ಎಂದೆ. ಅಲ್ಲಿಯವರೆಗೆ ಆ ಹಾವನ್ನು ಒಮ್ಮೆಯೂ ಮುಟ್ಟದ ಅವರು ಬಾಲ ಹಿಡಿದು, ಬಾಯಲ್ಲಿ ವಿಷ್ಣು ಸಹಸ್ರನಾಮ ಹೇಳುತ್ತಾ ಒಂದೊಂದೇ ಸುತ್ತು ಬಿಚ್ಚಿದರು. ನನ್ನ ಕೈ ಹೊರಗೆ ಬರುವಾಗ ಅವರು ಇನ್ನೂ ಮೊದಲರ್ಧದಲ್ಲೇ ಇದ್ದರು. ಇಬ್ಬರೂ ಸೇರಿ ಹಾವನ್ನು ಪೆಟ್ಟಿಗೆಗೆ ಹಾಕಿ ಬಾಗಿಲು ಹಾಕಿದೆವು. ಆಮೇಲೆ ಅವರು ಸಿಂಕಿನ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದರು.

"ಸಾರ್, ಇದೇ ಕೊನೆ," ಎಂದರು, ನನ್ನ ಕಡೆ ತಿರುಗದೆ. "ನಾನು ಬರ್ತಾ ಇದ್ರೆ ನೀವು ಇದನ್ನ ಇಟ್ಕೊಂಡೇ ಇರ್ತೀರ. ನಾನು ಹತ್ತು ನಿಮಿಷ ಲೇಟಾಗಿದ್ದಿದ್ರೆ ನಿಮ್ಮ ಮಗಳಿಗೆ ಯಾರು ಹೇಳ್ಬೇಕಿತ್ತು? ನಾನಾ? ಯಾರಿಗಾದ್ರೂ ಕೊಟ್ಟು ಖಲಾಸ್ ಮಾಡಿ ಸಾರ್."

ಅವರು ಮತ್ತೆ ಸೋಪು ತೆಗೆದುಕೊಂಡರು. ನನಗೆ ನಾಚಿಕೆಯಾಯಿತು.

ಮಗಳಿಗೆ ನೆಟ್‌ವರ್ಕ್ ಇರಲಿಲ್ಲ ಎಂದು ಮೆಸೇಜ್ ಹಾಕಿದೆ. ಕೈಗೆ ಇಂಜೆಕ್ಷನ್ನೂ ಬ್ಯಾಂಡೇಜೂ ಆಯಿತು. ಆ ವಾರವೇ, ಪರವಾನಗಿ ಇರುವ, ಮರುಭೂಮಿಯ ಅಂಚಿನಲ್ಲಿ ಪ್ರಾಣಿಗಳನ್ನು ಸಾಕುವ ತೋಟದವರು ವ್ಯಾನ್ ತಂದರು. ಇಬ್ಬರು ಬಂದಿದ್ದರು, ಇಬ್ಬರೂ ಸೇರಿಯೇ ಎತ್ತಿದರು. ಅವಳು ಚೀಲದೊಳಗೆ ಹೋಗುವಾಗ ನನ್ನ ಕಡೆ ನೋಡಲಿಲ್ಲ. ಹೆಬ್ಬಾವುಗಳು ಹಾಗೆ ನೋಡುವುದಿಲ್ಲ ಎಂದು ಓದಿದ್ದೆ. ಆದರೂ ಬೇಸರವಾಯಿತು.

ಶುಕ್ರವಾರ ಐದಕ್ಕೆ ಫೋನು ಬಂತು. ಏನಾದರೊಂದು ಸುಳ್ಳು ಹೇಳಿ ಒಂದು ವಾರ ಮುಂದೂಡಬಹುದಿತ್ತು. ಹೇಳಿಬಿಟ್ಟೆ. ಒಬ್ಬನೇ ತೆಗೆದದ್ದು, ಕಚ್ಚಿದ್ದು, ಸುತ್ತಿದ್ದು, ಕೊಟ್ಟುಬಿಟ್ಟದ್ದು. ಖಾಲಿ ಪೆಟ್ಟಿಗೆಯನ್ನೂ ತೋರಿಸಿದೆ.

ಅವಳು ಅಳಲಿಲ್ಲ. ಪ್ರಾಮಿಸ್ ಮಾಡಿದ್ರಿ ಎಂದು ಈಗ ಹೇಳುತ್ತಾಳೆ, ಆಮೇಲೆ ಫೋನಿಡುತ್ತಾಳೆ ಎಂದು ಕಾದೆ.

"ಕೈ ತೋರಿಸಿ," ಎಂದಳು.

ಬ್ಯಾಂಡೇಜಿನ ಕೈಯನ್ನು ಕ್ಯಾಮೆರಾದ ಮುಂದೆ ಹಿಡಿದೆ.

"ಫುಲ್ ತೋರಿಸಿ. ಕೈ ಮಾತ್ರ ಅಲ್ಲ ಅಪ್ಪಾ, ನಿಮ್ಮನ್ನು."

ಯಾವಾಗಲೂ ಹಾವನ್ನೇ ತೋರಿಸುತ್ತಿದ್ದ ಆ ಫೋನಿನಲ್ಲಿ ನನ್ನ ಮುಖ ಕಾಣುವ ಮುಂದಿನ ಕ್ಯಾಮೆರಾ ಹಾಕುವುದು ಹೇಗೆಂದು ಹುಡುಕಬೇಕಾಯಿತು. ಸಿಕ್ಕಿತು. ಅವಳು ಹತ್ತಿರ ಬಂದು ನೋಡಿದಳು.

"ನೀವು ಕನ್ನಡಕ ಯಾವಾಗ ಹಾಕಿದ್ದು?"

"ಎಂಟು ತಿಂಗಳಾಯ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

ನೀನು ಕೇಳಲಿಲ್ಲ ಎನ್ನಬಹುದಿತ್ತು. ಅದು ಸರಿಯೂ ಅಲ್ಲ. ನಾನು ತೋರಿಸಿರಲಿಲ್ಲ.

"ಒಮ್ಮೆ ತೆಗೀರಿ," ಎಂದಳು. ತೆಗೆದೆ. ಪರದೆಯಲ್ಲಿ ಅವಳ ಮುಖ ಮಸುಕಾಯಿತು. "ಈಗ ಹಾಕಿ." ಹಾಕಿದೆ. ಅವಳು ಇನ್ನೂ ನೋಡುತ್ತಲೇ ಇದ್ದಳು.